ಹೆಬ್ಬೆಟ್ಟು

ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ತಿಂದ
ಮಿರ್ಚಿಯ ಎಣ್ಣೆ ಅದು.
ಕರ್ಚೀಫಿಗೆ ಒರೆಸಿಕೊಂಡಿದ್ದೆ, ಆಣೆಗೂ.
ಭೀಮಸಮುದ್ರದಾಚೆ ಗಣಿಗುಡ್ಡ ಹತ್ತಿ, ಹೆಲ್ಮೆಟ್ ಬಿಗಿದು
ಬೆಲ್ಟಿನ ತಲೆಯ ಬಳಿ ನಿಂತಾಗ
ಹೊಸ ಡಿಸ್ಕು, ನಾಲ್ಕು ಹರಿವಾಣದಗಲ,
ಕೆಂಪು ಧೂಳಿನ ನಡುವೆ ಅದೊಂದೇ ಫಳಫಳ.
ಮುಟ್ಟಿಬಿಟ್ಟೆ.

ಪಾಲಯ್ಯ ಮೇಸ್ತ್ರಿ ಬಯ್ಯಲಿಲ್ಲ.
ಟಾರ್ಚನ್ನು ಓರೆ ಹಿಡಿದು ಕರೆದರು: ಬಾರಮ್ಮ ಶಾಹೀನಾ,
ಐಟಿಐ ಪಾಸಾದವಳು, ಸಹಿ ಬಲ್ಲವಳು,
ನೂರು ಟನ್ ಅದಿರಿಗೆ ಹೆಬ್ಬೆಟ್ಟು ಒತ್ತಿದ್ದೀಯ.
ಉಕ್ಕಿನ ಮೇಲೆ ನನ್ನ ಗೆರೆಗಳೆಲ್ಲ
ನವಿಲ ಕತ್ತಿನ ಬಣ್ಣದಲ್ಲಿ ಮೂಡಿದ್ದವು.

ಸ್ಪಿರಿಟ್ಟು. ಬಿಳಿ ಬಟ್ಟೆ. ಮತ್ತೊಂದು ಬಟ್ಟೆ.
ಬಿಳಿಯಾಗಿ ಹೋದದ್ದು ಬಿಳಿಯಾಗೇ ಬರುವ ತನಕ
ಪ್ಯಾಡಿನ ಡಬ್ಬಿ ಬಿಚ್ಚಗೊಡಲಿಲ್ಲ ಅವರು.

ಈ ಬೆಲ್ಟು ಏರುವುದಲ್ಲ, ಇಳಿಯುವುದು.
ಗುಡ್ಡವೇ ಎಳೆಯುತ್ತದೆ; ಮೋಟಾರು
ಇಳಿಜಾರಲ್ಲಿ ಮೂಗುದಾರ ಜಗ್ಗಿ ಹಿಡಿದವನ ಹಾಗೆ.
ಕೈಬಿಟ್ಟರೆ ಅಷ್ಟೂ ಅದಿರು ಒಂದೇ ಉಸಿರಿಗೆ
ಕೆಳಗಿನ ಲಾರಿಗಳ ನೆತ್ತಿಗೆ.

"ಒತ್ತಿದ್ರೆ ಹಿಡಿಯುತ್ತೆ ಅಂದ್ಕೊಂಡ್ಯಾ? ಸೈಕಲ್ಲಲ್ಲ ಇದು.
ಹಿಡಿಯೋದು ಸ್ಪ್ರಿಂಗು, ಕೂತಲ್ಲೇ, ಯಾರೂ ಹೇಳದೆ.
ಬಿಡಿಸೋಕೇ ಕಷ್ಟ. ಎಣ್ಣೆ ಒತ್ತಬೇಕು, ಪಂಪು ದುಡೀಬೇಕು.
ಕರೆಂಟು ಹೋಯ್ತೋ, ಹಿಡೀತು.
ನಮ್ಮ ಕಡೆ ಕರೆಂಟು ನೋಡೇ ಯಾರೋ ಮಾಡಿರಬೇಕು."

ಡಯಲ್ ಗೇಜಿನ ಮುಳ್ಳು ಡಿಸ್ಕಿನ ಜೊತೆ ಒಂದು ಸುತ್ತು ಬಂತು,
ಕೂದಲೆಳೆಯಷ್ಟು ಓಲಾಡಿತು.
ಬಿಚ್ಚಿದೆವು. ಮುಖ ಉಜ್ಜಿ ಮತ್ತೆ ಕೂರಿಸಿ
ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದೆವು;
ಸಾಲಾಗಿ ಬಿಗಿದರೆ ಒಂದು ಮಗ್ಗುಲು ಮುನಿಯುತ್ತದಂತೆ.
ಟಾರ್ಕ್ ರೆಂಚು ಕಟ್ ಅಂದ ಮೇಲೂ
ಇನ್ನೊಂದು ಜಗ್ಗು ಕೊಟ್ಟ ನನ್ನ ಕೈಗೆ ಒಂದೇಟು ಬಿತ್ತು.
ಗ್ಯಾಪು ಎರಡೂ ಕಡೆ ಒಂದೊಂದು ಮಿಲಿ.
ರೂಪಾಯಿ ಬಿಲ್ಲೆ ತೂರಿದರೆ ಹೆಚ್ಚಾಯಿತು.
ಪೈಪಿನ ಗಾಳಿ ನೊರೆನೊರೆಯಾಗಿ ಡಬ್ಬಕ್ಕೆ ಇಳಿಯಿತು,
ನೊರೆ ನಿಂತ ಮೇಲೂ ಸ್ವಲ್ಪ ಹೊತ್ತು ಬಿಟ್ಟೆವು.

ಅಷ್ಟರಲ್ಲಿ ವಾಕಿಟಾಕಿ:
ಆಯ್ತೇನ್ರೀ? ನಲವತ್ತು ಲಾರಿ ನಿಂತಿವೆ.
ಕೀ ಕಳಿಸಿ, ಸುಮ್ನೆ ಒಂದು ಸುತ್ತು ತಿರುಗಿಸ್ತೀವಿ.
ಕೀ ಮೇಸ್ತ್ರಿಯ ಉಡಿದಾರದಲ್ಲಿತ್ತು, ತಾಯಿತದ ಪಕ್ಕ.
"ನಾ ಇಳಿದಾಗ ಅದೂ ಇಳಿಯುತ್ತೆ ಸ್ವಾಮಿ,
ನನ್ನ ಬಿಟ್ಟು ಎಲ್ಲೂ ಹೋಗಲ್ಲ ಅದು."
ಮೇನ್ ಸ್ವಿಚ್ಚಿಗೆ ನನ್ನದೂ ಒಂದು ಬೀಗ.
ದುಪಟ್ಟಾ ಮನೆಯಲ್ಲೇ ಬಿಟ್ಟು ಬಂದವಳು
ಕೀಯನ್ನು ಕಾಲುಚೀಲಕ್ಕೆ ತುರುಕಿದ್ದೆ,
ಚುಚ್ಚುತ್ತಿತ್ತು. ಚುಚ್ಚಲಿ.

ಇಬ್ಬರೂ ಇಳಿದು, ಎರಡೂ ಬೀಗ ತೆಗೆದ ಮೇಲೆ
ಖಾಲಿ ಬೆಲ್ಟು ಹತ್ತು ಸಲ ಓಡಿತು, ಹತ್ತು ಸಲ ನಿಂತಿತು,
ಪ್ಯಾಡಿಗೂ ಡಿಸ್ಕಿಗೂ ಪರಿಚಯವಾಗಲೆಂದು.
ನಡುನಡುವೆ ಆರಲು ಬಿಟ್ಟೆವು.
ಆಮೇಲೆ ಕಾಲು ಭಾಗ ಹೊರೆ. ಅರ್ಧ. ಪೂರ್ತಿ.
ಜಾಲರಿಯಿಂದಾಚೆ ನಿಂತು ಮೇಸ್ತ್ರಿ ಕೈಯೆತ್ತಿದರು,
ಕೆಳಗೆ ಯಾರೋ ಕರೆಂಟು ಕಡಿದರು.

ಪಂಪು ಸುಮ್ಮನಾಯಿತು.
ದೊಡ್ಡ ಬಾಗಿಲಿಗೆ ಅಗುಳಿ ಬಿದ್ದ ಸದ್ದು, ಹಿಂದೆಯೇ ನರಳು.
ಬಾಯಿಬಿಟ್ಟು ಎಣಿಸಿದೆ. ಆರು. ಏಳು.
ಎಂಟಕ್ಕೂ ಜರುಗುತ್ತಿತ್ತು.
ಒಂಬತ್ತಕ್ಕೆ
ಗುಡ್ಡ ತನ್ನ ಮಣ್ಣನ್ನು ತಾನೇ ಹಿಡಿದುಕೊಂಡು ನಿಂತಿತು.
ದೂರದ ಸಾಲಿನಲ್ಲಿ ಗಾಳಿಯಂತ್ರಗಳು ಮಾತ್ರ
ಏನೂ ಆಗದ ಹಾಗೆ ತಿರುಗುತ್ತಿದ್ದವು.

ಡಿಸ್ಕು ಬೆಳಿಗ್ಗೆಯಂತೆಯೇ ಹೊಳೆಯಿತು.
ಹೊಳೆಯೋದೆಲ್ಲ ತಣ್ಣಗಿರಲ್ಲ ಅಂತ ಮೀಟರು ಹಿಡಿದರು:
ನೂರ ಎಂಬತ್ತು. ಕೈ ಜೇಬಿಗಿಟ್ಟುಕೊಂಡೆ.

ರಿಜಿಸ್ಟರಿನಲ್ಲಿ ಗ್ಯಾಪು, ಪ್ಯಾಡಿನ ದಪ್ಪ, ನಿಂತ ಸೆಕೆಂಡು.
ಓದು ಅಂದರು. ಓದಿದೆ.
ಚೆಂದ ಕಾಣಲೆಂದು ಎಂಟು ಬರೆದಿದ್ದೆ.
"ಒಂಬತ್ತು. ನಾನೂ ಕೇಳಿಸ್ಕೊಂಡೆ. ತಿದ್ದು."
ತಿದ್ದಿದೆ. ಕೆಳಗೆ ನನ್ನ ಸಹಿ.
ಅದರ ಕೆಳಗೆ, ಗೇಜಿನ ಮುಳ್ಳೊಂದನ್ನೇ ಓದಬಲ್ಲ ಮೇಸ್ತ್ರಿ
ಎಡಗೈ ಹೆಬ್ಬೆರಳನ್ನು ಶಾಯಿಗೆ ತಾಕಿಸಿ ಒತ್ತಿ,
ಬೆಳಗಿನ ಬಿಳಿ ಬಟ್ಟೆ ಎಲ್ಲಿಟ್ಟೆ ಅಂತ ಕೇಳಿದರು.