ಮಂದ್ರದಲ್ಲೊಂದು ಜಿರ್ರು

ಬಾ ಲಿಂಬೆರ್ತ್, ಬಾಗಿಲು ಹಾಕು, ಚಳಿ ನುಗ್ಗುತ್ತೆ.
ದೋನ್ಯಾ ಬಸಿಲಿಯಾ ಹತ್ತಿರ ಹೋಗು ಅಂದರಾ ಎಲ್ಲರೂ?
ಮೇಜಿನ ಮೇಲಿಡಬೇಡ ಅದನ್ನ,
ಹೆಬ್ಬಾವಿನ ಹಾಗೆ ಮೈಸುತ್ತಿಕೊಂಡ ಹಿತ್ತಾಳೆ
ಹೆಗಲ ಮೇಲೇ ಇರಲಿ.
ಕಾರ್ನಿವಾಲಿಗೆ ಹನ್ನೊಂದೇ ದಿನ, ಗೊತ್ತು;
ಹೀಗೆ ಮುಖ ಮಾಡಿಕೊಂಡು ಬಂದವರು ಈ ವಾರ ಆರು ಜನ.

ಊದು.
ಅದಲ್ಲ, ಇನ್ನೂ ಕೆಳಗೆ,
ಗಣಿಯ ಏಣಿ ಇಳಿದ ಹಾಗೆ ಒಂದೊಂದೇ ಸ್ವರ.
ಹಾಂ, ಅಲ್ಲಿ. ನಿಲ್ಲು.
ಜಿರ್ರ್ ಅಂತಲ್ಲ,
ಡಬ್ಬಿಯೊಳಗೆ ಸಿಕ್ಕಿಬಿದ್ದ ನೊಣ!
ಜೊತೆಗೆ ಇನ್ನೊಂದಿದೆ, ಸಣ್ಣದು, ಕೇಳಿಸಿತಾ?
ಅದು ನನ್ನ ಕಿಟಕಿ ಗಾಜು. ಲೆಕ್ಕಕ್ಕೆ ಹಿಡಿಯಬೇಡ.

ಮೊದಲು ಬಾಯಿ ತೋರಿಸು.
ಒರುರೋದ ಗಾಳಿ ಕಲ್ಲನ್ನೂ ಒಡೆಸುತ್ತೆ, ತುಟಿ ಯಾವ ಲೆಕ್ಕ.
ಮೌತ್‌ಪೀಸ್ ಕಳಚಿ ಬರೀ ಅದನ್ನೇ ಊದು.
ಚೊಕ್ಕ.
ತುಟಿಯ ತಪ್ಪಲ್ಲ; ನಿನ್ನ ಮಾಸ್ತರರಿಗೆ
ಬೈಗುಳ ವಾಪಸ್ಸು ಕೊಟ್ಟುಬಿಡು.

ಈಗ ಊದುತ್ತಲೇ ಇರು.
ನನ್ನ ಎಡಗಿವಿ ಹೋಗಿ ಬಹಳ ಕಾಲ ಆಯಿತು,
ಬೆರಳಿಂದ ಕೇಳುತ್ತೇನೆ.
ಉಗುಳು ಬಿಡುವ ಕಿಂಡಿ: ಬಿರಡೆ ಒಣಗಿದೆ, ಆದರೂ ಕೂತಿದೆ.
ಕವಾಟಗಳ ಮುಚ್ಚಳದಲ್ಲಿ ಎರಡನೆಯದು
ಕಾಲು ಸುತ್ತು ಸಡಿಲ. ಬಿಗಿದೆ.
ನೊಣ ಸಾಯಲಿಲ್ಲ.
ಇಲ್ಲಿ ನೋಡು, ಈ ಅಡ್ಡಕಂಬಿ,
ಒತ್ತಿದರೆ ಸುಮ್ಮನಾಗುತ್ತೆ, ಬಿಟ್ಟರೆ ಶುರು.
ಬೆಸುಗೆ ಎಳೆಯಷ್ಟು ಬಿಟ್ಟಿದೆ.
ಬಸ್ಸಿನ ಮೇಲೆ ಮೂಟೆಗಳ ಜೊತೆ ಕಟ್ಟಿ ತಂದೆಯಾ?
ಬೇಡ, ಹೇಳಬೇಡ, ಸುಳ್ಳು ಹೇಳುತ್ತೀ.

ತವರ ಕರಗಿ, ಹರಿದು, ಆರಬೇಕು.
ಅಲ್ಲೀವರೆಗೆ ಕೋಕಾ ಎಲೆ ಜಗಿ, ಅಲ್ಲಿದೆ.

ಊದು.
ಅರ್ಧ ಹೋಯಿತು, ಅರ್ಧ ಉಳಿಯಿತು.
ಎರಡು ರೋಗ ಒಂದೇ ಕೆಮ್ಮು ಕೆಮ್ಮುತ್ತವೆ ಒಮ್ಮೊಮ್ಮೆ,
ಗಣಿಯವರ ಮನೆಯಲ್ಲಿ ಹುಟ್ಟಿದವಳು, ನನಗೆ ಗೊತ್ತು.

ಕೋಟು ಬಿಚ್ಚು.
ಚಳಿ ಅನ್ನಬೇಡ, ಬಿಚ್ಚು.
ಈಗ ಊದು.

ಕಂಕುಳಲ್ಲೇ ಇತ್ತಲ್ಲೋ ಕೂಸು.

ಕೋಟಿನ ಒಳಮಗ್ಗುಲಿಗೆ ಚುಚ್ಚಿಕೊಂಡ ತಗಡಿನ ಬಿಲ್ಲೆ,
ನೀನು ಬಿಟ್ಟು ಬಂದ ಹಳೇ ಬ್ಯಾಂಡಿನದು.
ಹೊಸಬರು ಜಾಸ್ತಿ ದುಡ್ಡು ಅಂದರು, ಹೋದೆ, ತಪ್ಪೇನಿಲ್ಲ.
ಹೊರಗೆ ಇವರ ಬಣ್ಣ, ಒಳಗೆ ಅವರದು,
ಮಂದ್ರಕ್ಕಿಳಿದಾಗ
ಕೊಳವೆ ನಡುಗಿ ಹೋಗಿ ಅದಕ್ಕೆ ತಾಗುತ್ತೆ.

ಮುಖ ಯಾಕೆ ಕೆಂಪಾಯಿತು?
ಕಿತ್ತು ಬಿಸಾಕು ಅಂದೆನಾ ನಾನು?
ಕೊಡಿಲ್ಲಿ. ಹಳೇ ಬೂಟಿನ ನಾಲಗೆಯೊಂದಿದೆ, ಮೆತ್ತನೆ ಚರ್ಮ,
ಅದರ ಮೇಲೆ ಹೊದಿಸಿ ಹೊಲಿಯುತ್ತೇನೆ.
ಬೆಸುಗೆಗೆ ನಲವತ್ತು. ಇದಕ್ಕೆ ಏನೂ ಬೇಡ.

ಕೊನೇ ಸಲ, ಹೊಟ್ಟೆಯಿಂದ.

ಕೇಳಿದೆಯಾ, ಗಾಜು ಮಾತ್ರ.
ಇಪ್ಪತ್ತು ವರ್ಷದಿಂದ ಆ ಕಿಟಕಿಗೆ ಪುಟ್ಟಿ ಮೆತ್ತಿಲ್ಲ ನಾನು.
ಸ್ವರ ಕೂದಲೆಳೆ ಆಚೀಚೆ ಆದರೂ
ಅದು ಬಾಯಿ ಬಿಡುವುದಿಲ್ಲ.