ನಾಲ್ಕು ಸೆಕೆಂಡು ತಡ

ಯೆಸೆನಿತ್ಸೆಯ ಐಸ್ ಹಾಕಿ ಗೋಲ್‌ಕೀಪರ್ ಯೆರ್ನೆಯ್—
ಹದಿನೆಂಟು ವರ್ಷ, ಎವೆ ಮುಚ್ಚುವುದರೊಳಗೆ
ಪಕ್ ಹಿಡಿದ ಎಡಗೈ
ಈಗ ಹೊದಿಕೆಯ ಮೇಲೊಂದು ಗಂಟು.

ಮಂಜುಗಡ್ಡೆ ಅವನ ಮಾತು ಕೇಳುತ್ತಿತ್ತು.
ಗುಡ್ಡದ ಹಿಮ ಕೇಳಲಿಲ್ಲ,
ಅದರಡಿಯ ಕಲ್ಲಂತೂ.

ಆಸ್ಪತ್ರೆ ಗೇಟಿಗೆ ಜನ ಕಟ್ಟಿದ ಕೆಂಪು ಮಫ್ಲರುಗಳು
ಬಿಸಿಲಿಗೆ ಗುಲಾಬಿಯಾಗಿವೆ.
ಚೆಸ್ಟ್‌ನಟ್ ಮರದಲ್ಲಿ ಕ್ಯಾಮೆರಾದವನಿದ್ದಾನೆಂದು
ವಿದಾ ಪರದೆ ಎಳೆಯುತ್ತಾಳೆ.

ಚಮಚ ತೋರಿಸಿದರೆ ‘ಕಿಟಕಿ’ ಅನ್ನುತ್ತಾನೆ.
ಕಿಟಕಿ ತೋರಿಸಿದರೆ
ಸುಮ್ಮನೆ ನೋಡುತ್ತಾನೆ.

ದಿನಾ ಊಟದ ಮೇಜಿನ ಮೇಲೆ
ಅವಳೊಂದು ಕಿತ್ತಳೆ ಉರುಳಿಸುತ್ತಾಳೆ.
ಅದು ಬಿದ್ದು, ಮಂಚದಡಿ ಹೊಕ್ಕು,
ಗೋಡೆಗೆ ತಾಗಿ ನಿಂತ ಮೇಲೆ
ಕೈ ಮುಚ್ಚುತ್ತದೆ, ಗಾಳಿ ಹಿಡಿದು.

ನಿನ್ನೆ ಹನ್ನೊಂದು ಸೆಕೆಂಡು ತಡ. ಇವತ್ತು ನಾಲ್ಕು.
ಔಷಧಿ ಚೀಟಿಯ ಬೆನ್ನಿಗೆ ಬರೆದುಕೊಂಡು
ಮೊಣಕಾಲೂರಿ ಹಣ್ಣಿಗೆ ತಡಕುವಾಗ
ಮೇಲಿಂದ ಅವನು
‘ಗೋಲು’ ಅಂದನೋ,
ಕೆಮ್ಮಿದನೋ.