ಮೂರನೇ ಅಧ್ಯಾಯ

ಮೂರನೇ ಅಧ್ಯಾಯದಲ್ಲಿ ಅವನು ಕಾಣೆಯಾಗಬೇಕು.
ಸೌದಿಗೆ ಹೋಗುವ ಸೇತುವೆಯ ಅಂಚಿಗೆ ಕಾರು,
ಸೀಟಿನ ಮೇಲೆ ಮೊಬೈಲು, ಮದುವೆಯ ಉಂಗುರ,
ಕೆಳಗೆ ಜೋಡಿಸಿಟ್ಟ ಚಪ್ಪಲಿ.
ಸಮುದ್ರಕ್ಕೆ ಸಾಕ್ಷಿ ಹೇಳುವ ಅಭ್ಯಾಸವಿಲ್ಲ.

ರಾತ್ರಿ ಪಾಳಿ ಮುಗಿಸಿ, ಯೂನಿಫಾರ್ಮಿನಲ್ಲೇ
ಗುದೈಬಿಯಾದ ಗಲ್ಲಿಯಲ್ಲಿ ಚಾ ಹಿಡಿದು ಓದಿದೆ.
ಟೈಪಿಂಗ್ ಅಂಗಡಿಯ ಶಟರು ಅರ್ಧ ಎತ್ತಿ ನಿಂತು
ಇದ್ದಿನಬ್ಬ ನಕ್ಕರು:
‘ಚಪ್ಪಲಿ ಯಾಕೆ ಬಿಟ್ಟ, ಗ್ಲೇಡಿಸ್ ಬಾಯಿ?
ಓಡುವವನಿಗೆ ಮೊದಲು ಬೇಕಾದದ್ದೇ ಅದು.’

ಆ ಸಾಲು ಹೊಡೆದುಹಾಕಿದೆ.

ಮತ್ತೆ ಕೇಳಿದೆ: ಹೊಸ ಹೆಸರು ಮೈಗೆ ಹತ್ತಲು
ಎಷ್ಟು ದಿನ ಬೇಕು? ಒಂದು ವರ್ಷ ಕೊಡಲೇ ಅವನಿಗೆ?
ಅವರು ಉತ್ತರಿಸಲಿಲ್ಲ. ಕೀಬೋರ್ಡಿನ ಧೂಳು ಊದಿದರು.

ನನಗೆ ಗೊತ್ತಿತ್ತು.
ಹೋದ ಚಳಿಗಾಲ, ಹರ್ನಿಯಾದ ಆಪರೇಷನ್ನು,
ಅರಿವಳಿಕೆ ಇಳಿಯುವ ಹೊತ್ತು,
ಫೈಲು ನೋಡಿ ಕರೆದಿದ್ದೆ, ಇದ್ದಿನಬ್ಬಾ, ಇದ್ದಿನಬ್ಬಾ,
ಕೆನ್ನೆ ತಟ್ಟಿ ಮೂರನೇ ಸಲ.
ಕಣ್ಣು ತೆರೆಯದೆ ಬ್ಯಾರಿಯಲ್ಲಿ ಗೊಣಗಿದ್ದರು:
ಅವನು ಇಲ್ಲಿಲ್ಲ, ಉಳ್ಳಾಲದಲ್ಲಿದ್ದಾನೆ.

‘ತಲೆ ಬದಲಿಸಿದ ಪಾಸ್‌ಪೋರ್ಟು,’ ಎಂದರು ಈಗ, ತಾವಾಗಿ.
‘ಎಂಬತ್ಮೂರು. ವೀಸಾ ಬಂದದ್ದು ದೊಡ್ಡಪ್ಪನ ಮಗನಿಗೆ,
ಅವನಿಗೆ ಬಂದದ್ದು ಟೈಫಾಯ್ಡು.
ಫೋಟೊ ಕಿತ್ತು ನನ್ನದು ಅಂಟಿಸಿದರು, ಅನ್ನದ ಅಗುಳಿನಲ್ಲಿ
ಅಂತ ಊರವರ ಮಾತು; ಅಲ್ಲ, ಒಳ್ಳೆ ಗೋಂದು.
ನಾನು ಮೋನಬ್ಬ. ಹಾಗೆ ಕರೆಯುವವರಲ್ಲಿ
ಉಳಿದವಳು ಒಬ್ಬಳೇ ತಂಗಿ, ಅವಳಿಗೂ ಈಗ ಕಿವಿ ಮಂದ.’

ನನ್ನ ನಾಯಕನಿಗೆ ಇಬ್ಬರು ಹಂತಕರು,
ಒಂದು ಲಾಕರಿನ ಬೀಗದ ಕೈ, ದೋಹಾದಲ್ಲಿ ಪ್ರೇಯಸಿ.
ಇವರಿಗೆ ಒಂದು ಫೋನು ಮಾತ್ರ, ಶುಕ್ರವಾರ ನಮಾಜಿನ ನಂತರ.
ಅಲ್ಲಿ ಮೀನಿನ ಬುಟ್ಟಿ ಇಳಿಸಿ
ನಿಜವಾದ ಇದ್ದಿನಬ್ಬ ಕೇಳುತ್ತಾನಂತೆ:
‘ನನ್ನ ಹೆಸರು ಹೇಗಿದೆಯೋ? ಹುಷಾರಾಗಿದೆಯಾ?’
‘ಹುಷಾರಿದೆ,’ ಎನ್ನುತ್ತಾರಂತೆ ಇವರು,
‘ಸ್ವಲ್ಪ ಸಕ್ಕರೆ ಕಾಯಿಲೆ ಬಂದಿದೆ, ಅಷ್ಟೆ.’

ಇದನ್ನು ಬರೆದರೆ ಓದುಗರು ನಂಬುವುದಿಲ್ಲ.
ಹಂತಕರನ್ನು ನಂಬುತ್ತಾರೆ, ಬೀಗದ ಕೈಯನ್ನೂ.

ಗಿರಾಕಿ ಬಂದ. ಹದಿಹರೆಯ ದಾಟದ ಮುಖ,
ಕೈಯಲ್ಲಿ ಮಡಚಿದ ಹಾಳೆ.
ಇದ್ದಿನಬ್ಬ ಕನ್ನಡಕ ಏರಿಸಿ
ಎಲ್ಲರನ್ನೂ ಕೇಳುವಂತೆ ಕೇಳಿದರು, ಹೆಸರು?
ಹುಡುಗ ಉತ್ತರಿಸುವ ಮುನ್ನ
ಒಂದೇ ಒಂದು ಉಸಿರಿನಷ್ಟು
ತಡೆದ.

ನಾವಿಬ್ಬರೂ ತಲೆ ಎತ್ತಿ ನೋಡಲಿಲ್ಲ.